ಹಿತ್ತಲಿನ ಆಮೆಗೆ ಭದ್ರವಾದ ಆವರಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗರಿಂದ ಕಳೆದ ಕೆಲವು ತಿಂಗಳುಗಳಲ್ಲಿ ಬಾಕ್ಸ್ ಆಮೆಯನ್ನು ಕುರಿತು ಹಲವು ಪತ್ರಗಳು ಬಂದಿವೆ. ಎಲ್ಲವೂ ಒಂದೇ ಕಡೆಗೆ ಬಂದು ನಿಲ್ಲುವುದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಇದೇ ವಿಷಯಕ್ಕೆ ಹೊಂದಿಕೊಂಡ, ಚಿಂತಾಮಣಿಯಿಂದ ಬಂದ ಪತ್ರವೊಂದಕ್ಕೆ ಕೊನೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಉತ್ತರ ಕೆರೊಲಿನಾದ ರಾಲಿ ನಗರದ ಹೊರವಲಯದಲ್ಲಿದ್ದೇವೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಇಪ್ಪತ್ತು ವರ್ಷಗಳಿಂದ ಸಾಕಿದ್ದ ಬಾಕ್ಸ್ ಆಮೆಯನ್ನು, ತಾವು ವೃದ್ಧಾಶ್ರಮಕ್ಕೆ ಹೊರಡುವ ಮುನ್ನ, ನಮ್ಮ ಹನ್ನೊಂದು ವರ್ಷದ ಮಗಳಿಗೆ ಒಪ್ಪಿಸಿ ಹೋದರು. ಈಗ ಅದು ಮನೆಯೊಳಗೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿಯಲ್ಲಿದ್ದು, ದಿನವಿಡೀ ಅದರ ಗೋಡೆಯನ್ನು ಕೆರೆಯುತ್ತಿರುತ್ತದೆ. ಹಿತ್ತಲಿನಲ್ಲಿ ಮರದ ಆವರಣ ಕಟ್ಟಬೇಕೆಂದಿದ್ದೇವೆ. ಎಷ್ಟು ದೊಡ್ಡದಿರಬೇಕು, ಎಷ್ಟು ಎತ್ತರವಿರಬೇಕು, ಯಾವ ಮರ ಬಳಸಬೇಕು? ರಾತ್ರಿ ಕಸದ ಡಬ್ಬಿಗಳನ್ನು ಉರುಳಿಸುವ ರಕೂನ್‌ಗಳ ಕಾಟ ಇಲ್ಲಿ ಬಹಳ. ಆಮೆ ಅಷ್ಟು ನಿಧಾನದ ಪ್ರಾಣಿಯಾದ್ದರಿಂದ ತಪ್ಪಿಸಿಕೊಳ್ಳುವ ಭಯವೇನೂ ಬೇಡವೆಂದು ನಮ್ಮ ಯಜಮಾನರು ಹೇಳುತ್ತಾರೆ. ಅದು ನಿಜವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆವರಣದ ರಚನೆಯೆಲ್ಲ ಅದನ್ನೇ ಅವಲಂಬಿಸಿದೆ. ಬಾಕ್ಸ್ ಆಮೆ ನಿಧಾನವಾಗಿ ನಡೆಯುವ ಪ್ರಾಣಿ ಹೌದು, ಆದರೆ ಹಿಡಿದ ಹಟವನ್ನು ಬಿಡುವ ಪ್ರಾಣಿ ಅಲ್ಲ. ಕಾಡಿನಲ್ಲಿ ಹುಟ್ಟಿದ ಆಮೆಯು ಸಾಮಾನ್ಯವಾಗಿ ಇನ್ನೂರು ಮುನ್ನೂರು ಗಜಗಳನ್ನು ಮೀರದ ಒಂದು ನೆಲೆಯಲ್ಲೇ ತನ್ನ ಆಯುಷ್ಯವನ್ನೆಲ್ಲ ಕಳೆಯುತ್ತದೆ. ಅಲ್ಲಿಂದ ಎತ್ತಿ ಬೇರೆಡೆ ಬಿಟ್ಟರೆ ಹಿಂತಿರುಗುವ ದಾರಿಯನ್ನು ಹುಡುಕುತ್ತಲೇ ಇರುತ್ತದೆ. ಸಾಕಿದ ಆಮೆಯಲ್ಲೂ ಈ ಸ್ವಭಾವ ಹೋಗುವುದಿಲ್ಲ. ಬೇಲಿಯ ಉದ್ದಕ್ಕೂ ದಿನಗಟ್ಟಲೆ ನಡೆದು, ಸಡಿಲವಾದ ಒಂದು ಹಲಗೆಯನ್ನೋ ಮೆತ್ತನೆಯ ಮಣ್ಣನ್ನೋ ಪತ್ತೆಮಾಡಿ, ಅಲ್ಲೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ತಪ್ಪಿಸಿಕೊಂಡ ಮೇಲೆ ತರಗೆಲೆಗಳ ಬಣ್ಣದ ಆ ಪ್ರಾಣಿಯನ್ನು ಪೊದೆಗಳ ನಡುವೆ ಹುಡುಕುವುದು ಎಷ್ಟು ಕಷ್ಟವೆಂಬುದು ಹುಡುಕಿದವರಿಗೇ ಗೊತ್ತು. ಆದ್ದರಿಂದ ಒಳಗಿನದು ಹೊರಹೋಗದಂತೆ ಎಷ್ಟು ಎಚ್ಚರ ವಹಿಸುತ್ತೀರೋ, ಹೊರಗಿನದು ಒಳಬರದಂತೆಯೂ ಅಷ್ಟೇ ಎಚ್ಚರ ವಹಿಸಿ ಕಟ್ಟಬೇಕು.

ಮರ ತರುವ ಮೊದಲು ಮುಗಿಸಬೇಕಾದ ಕೆಲಸವೊಂದಿದೆ. ಬಾಕ್ಸ್ ಆಮೆ ನಿಮ್ಮ ರಾಜ್ಯದ ಅಧಿಕೃತ ಸರೀಸೃಪ. 1979ರಿಂದ ಅದಕ್ಕೆ ಆ ಗೌರವವಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇದು 1995ರಿಂದ ಇದೆ. ಸಾಕುವುದಕ್ಕೆ ಸಂಬಂಧಿಸಿದ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ, ಆಮೆ ನಿಮ್ಮ ಕೈಗೆ ಬಂದ ಬಗೆಯನ್ನು ತಿಳಿಸಿ ರಾಜ್ಯದ ವನ್ಯಜೀವಿ ಇಲಾಖೆಯಿಂದ ಬರಹದಲ್ಲಿ ಉತ್ತರ ಪಡೆದುಕೊಳ್ಳಿ. ಅಜ್ಜಿಯಿಂದಲೂ, ಸಾಧ್ಯವಾದರೆ, ಒಂದು ಚಿಕ್ಕ ಪತ್ರ ಬರೆಸಿಕೊಳ್ಳಿ. ಇಪ್ಪತ್ತು ವರ್ಷ ಮನುಷ್ಯರ ನಡುವೆ ಇದ್ದ ಆಮೆಯನ್ನು ಕಾಡಿಗೆ ಬಿಡಬಾರದೆಂದು ನೀವು ತೀರ್ಮಾನಿಸಿದ್ದು ಸರಿಯಾಗಿಯೇ ಇದೆ: ಅದರ ಮೂಲ ನೆಲೆ ಯಾವುದೆಂದು ಯಾರಿಗೂ ತಿಳಿಯದು, ಮೇಲಾಗಿ ಅದರ ದೇಹದಲ್ಲಿರಬಹುದಾದ ರೋಗಾಣುಗಳು ಕಾಡಿನ ಆಮೆಗಳಿಗೆ ತಗಲಬಹುದು.

ಈಗ ಜಾಗದ ಮಾತು. ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನದ ಹೊತ್ತಿಗೆ ಮರದ ನೆರಳು ಆವರಿಸುವ ಮೂಲೆಯನ್ನು ಆರಿಸಿ. ಇದು ಬಯಲಿನ ಪ್ರಾಣಿಯಲ್ಲ, ಎಲೆಯುದುರುವ ಕಾಡಿನ ತಂಪಾದ, ತೇವದ ನೆಲದಲ್ಲಿ ಬಾಳುವ ಪ್ರಾಣಿ. ಆವರಣದ ಅರ್ಧಕ್ಕಿಂತ ಹೆಚ್ಚು ಭಾಗ ಯಾವಾಗಲೂ ನೆರಳಿನಲ್ಲಿರಬೇಕು. ನಿಮ್ಮ ಭಾಗದ ನೆಲ ನಮ್ಮ ಮಲೆನಾಡಿನ ಕೆಮ್ಮಣ್ಣನ್ನು ನೆನಪಿಸುವ ಕೆಂಪು ಜೇಡಿಮಣ್ಣು, ನೀರು ಅದರಲ್ಲಿ ಬೇಗ ಇಂಗುವುದಿಲ್ಲ. ಒಂದು ಅಡಿ ಆಳದ ಗುಂಡಿ ತೋಡಿ, ಸಂಜೆ ತುಂಬ ನೀರು ಸುರಿದು ನೋಡಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಜಾಗವನ್ನು ಬಿಟ್ಟುಬಿಡಿ, ಇಲ್ಲವೇ ಆವರಣದ ಒಳನೆಲವನ್ನು ಸುತ್ತಲಿನದಕ್ಕಿಂತ ಐದಾರು ಅಂಗುಲ ಎತ್ತರಿಸಿ. ಮಣ್ಣಿನೊಳಗೆ ಹುದುಗಿ ಮಲಗಿರುವ ಆಮೆ ಒಂದೇ ರಾತ್ರಿಯ ಜಡಿಮಳೆಗೆ ಮುಳುಗಿಹೋಗಬಹುದು.

ಅಳತೆಯಲ್ಲಿ ಜಿಪುಣತನ ಬೇಡ. ಐದಾರು ಅಂಗುಲ ಉದ್ದದ ಒಂದು ಆಮೆಗೆ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದವೆಂಬುದು ಸಾಕುವವರು ಸಾಮಾನ್ಯವಾಗಿ ಹೇಳುವ ಕನಿಷ್ಠ ಅಳತೆ. ಅಂಗಡಿಗಳಲ್ಲಿ ಸಿಗುವ ಹಲಗೆಗಳೂ ಎಂಟು ಅಡಿಯವೇ ಆಗಿರುವುದರಿಂದ ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಈ ಪ್ರಾಣಿ ನಲವತ್ತು ಐವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ. ನಿಮ್ಮ ಮಗಳು ನಡುವಯಸ್ಸು ಮುಟ್ಟುವವರೆಗೂ ಇದು ಇದೇ ನಾಲ್ಕು ಗೋಡೆಗಳ ನಡುವೆ ಇರಬೇಕೆಂಬುದನ್ನು ನೆನೆದರೆ, ಎಂಟಕ್ಕೆ ಹನ್ನೆರಡು ಅಡಿಯ ಆವರಣವೂ ದೊಡ್ಡದೆನಿಸುವುದಿಲ್ಲ. ಹಿತ್ತಲಿನಲ್ಲಿ ಜಾಗವಿದ್ದರೆ ಅಷ್ಟನ್ನು ಕೊಡಿ.

ಗೋಡೆ ನೆಲದ ಮೇಲೆ 20ರಿಂದ 24 ಅಂಗುಲ ಎತ್ತರವಿರಲಿ. ಆಚೆಗಿನದು ಕಾಣಿಸದಂತಹ ಗಟ್ಟಿ ಹಲಗೆಯೇ ಆಗಬೇಕು. ಜಾಲರಿಯ ಗೋಡೆಯಾದರೆ ಆಚೆಗಿನ ಹುಲ್ಲನ್ನು ನೋಡುತ್ತ ಆಮೆ ಇಡೀ ದಿನ ಅದಕ್ಕೆ ಮೂತಿ ಉಜ್ಜಿಕೊಂಡು ಗಾಯ ಮಾಡಿಕೊಳ್ಳುತ್ತದೆ. ನಿಮ್ಮ ತೊಟ್ಟಿಯ ಗೋಡೆ ಆಚೆಗಿನದು ಕಾಣುವಂಥದ್ದಾಗಿದ್ದರೆ ಅದನ್ನು ಕೆರೆಯುವುದಕ್ಕೂ ಇದೊಂದು ಕಾರಣವಿರಬಹುದು. ಸೀಡರ್ ಹಲಗೆ ಬೇಗ ಕೊಳೆಯುವುದಿಲ್ಲ, ಗೋಡೆಗೆ ಅದು ಒಳ್ಳೆಯದು. ಆದರೆ ಅದೇ ಮರದ ಹೊಟ್ಟನ್ನು ಒಳನೆಲಕ್ಕೆ ಹರಡಬೇಡಿ, ಅದರ ಘಾಟು ಆಮೆಗೆ ಆಗುವುದಿಲ್ಲ. ಹಳೆಯ ಮರವನ್ನು ಮರುಬಳಕೆ ಮಾಡುವ ಆಲೋಚನೆಯಿದ್ದರೆ ಎಚ್ಚರವಿರಲಿ: ಅಮೆರಿಕದಲ್ಲಿ 2003ರ ಕೊನೆಯವರೆಗೆ ಮನೆಬಳಕೆಗೆ ಮಾರುತ್ತಿದ್ದ, ಹಸಿರು ಛಾಯೆಯ ಸಂಸ್ಕರಿಸಿದ ಮರದಲ್ಲಿ ಆರ್ಸೆನಿಕ್ ಇರುತ್ತಿತ್ತು, ಮತ್ತು ರೈಲುಹಳಿಗಳ ಕೆಳಗಿಂದ ತೆಗೆದ ಹಳೆಯ ತೊಲೆಗಳಲ್ಲಿ ಕ್ರಿಯೊಸೋಟ್ ಎಂಬ ವಿಷಕಾರಿ ಎಣ್ಣೆ ಇಳಿದಿರುತ್ತದೆ. ಕಾಂಕ್ರೀಟ್ ಬ್ಲಾಕುಗಳಿಂದಲೂ ಗೋಡೆ ಕಟ್ಟಬಹುದು. ಒಳಮೈ ನುಣುಪಾಗಿದ್ದು, ಹತ್ತಲು ಕಾಲಿಗೆ ಆಸರೆ ಸಿಗದಿದ್ದರೆ ಸಾಕು.

ನನ್ನ ಅನುಭವದಲ್ಲಿ ಆವರಣಗಳು ಸೋಲುವುದು ಗೋಡೆಯ ನಡುಭಾಗದಲ್ಲಲ್ಲ; ಮೂಲೆಯಲ್ಲಿ, ನೆಲದಡಿಯಲ್ಲಿ ಮತ್ತು ಚಿಲಕದಲ್ಲಿ.

ಮೂಲೆಯನ್ನು ಮೊದಲು ನೋಡೋಣ. ಒಂದು ಗೋಡೆಗೆ ಎಡಗಾಲನ್ನೂ ಇನ್ನೊಂದಕ್ಕೆ ಬಲಗಾಲನ್ನೂ ಒತ್ತಿ ಹಿಡಿದು, ಬಾವಿಯ ಗೋಡೆಗೆ ಕಾಲು ಕೊಟ್ಟು ಮೇಲೇರುವ ಮನುಷ್ಯನಂತೆ ಬಾಕ್ಸ್ ಆಮೆ ಮೂಲೆಯಲ್ಲಿ ಏರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದಕ್ಕಾಗಿ ಗೋಡೆಯ ಮೇಲಂಚಿನ ಉದ್ದಕ್ಕೂ ಒಳಮುಖವಾಗಿ ನಾಲ್ಕರಿಂದ ಆರು ಅಂಗುಲ ಚಾಚಿಕೊಂಡ ಹಲಗೆಯನ್ನು ಬಡಿಯಿರಿ, ನಾಲ್ಕೂ ಮೂಲೆಗಳ ಮೇಲೆ ತ್ರಿಕೋನಾಕಾರದ ಹಲಗೆಯ ತುಂಡುಗಳನ್ನು ಕೂರಿಸಿ. ಗೋಡೆಗೆ ಹೊಂದಿಕೊಂಡಂತೆ ಕಲ್ಲನ್ನಾಗಲಿ, ಮರದ ದಿಮ್ಮಿಯನ್ನಾಗಲಿ, ನೀರಿನ ತಟ್ಟೆಯನ್ನಾಗಲಿ ಇಡಬೇಡಿ, ಅವು ಮೆಟ್ಟಿಲುಗಳಾಗುತ್ತವೆ.

ನೆಲದಡಿಯ ಕೆಲಸ ಬೇಸರ ತರಿಸುವಂಥದ್ದು, ಆದ್ದರಿಂದಲೇ ಜನ ಅದನ್ನು ಅರ್ಧಕ್ಕೆ ಬಿಡುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಹಾರ್ಡ್‌ವೇರ್ ಕ್ಲಾತ್ ಎಂದು ಕೇಳಿ. ಹೆಸರಿನಲ್ಲಿ ಬಟ್ಟೆಯೆಂದಿದ್ದರೂ ಅದು ಅರ್ಧ ಅಂಗುಲದ ಚೌಕಗಳಿರುವ, ಬೆಸುಗೆ ಹಾಕಿ ಸತು ಲೇಪಿಸಿದ ಗಟ್ಟಿ ತಂತಿಜಾಲರಿ. ಗೋಡೆಯ ಕೆಳ ಅಂಚಿಗೆ ಅದನ್ನು ಸ್ಕ್ರೂ ಮತ್ತು ಅಗಲವಾದ ವಾಷರುಗಳಿಂದ ಬಿಗಿದು, ಒಂದು ಅಡಿ ಆಳಕ್ಕೆ ಇಳಿಸಿ, ಅಲ್ಲಿಂದ ಹೊರಮುಖವಾಗಿ ಮತ್ತೊಂದು ಅಡಿ ಮಡಚಿ ಮಣ್ಣು ಮುಚ್ಚಿ. ಆಮೆ ಒಳಗಿನಿಂದ ತೋಡಿದರೆ ಇಳಿಬಿದ್ದ ಜಾಲರಿ ತಡೆಯುತ್ತದೆ; ನಾಯಿ, ನರಿ, ಸ್ಕಂಕ್‌ಗಳು ಹೊರಗಿನಿಂದ ಗೋಡೆಯ ಬುಡವನ್ನು ಕೆರೆದರೆ ಮಡಚಿದ ಭಾಗ ಉಗುರಿಗೆ ಸಿಕ್ಕಿ ತಡೆಯುತ್ತದೆ. ಇಡೀ ಒಳನೆಲದ ಅಡಿಗೆ ಜಾಲರಿ ಹಾಸುವ ಅಗತ್ಯವಿಲ್ಲ. ತೆಳುವಾದ ಮಣ್ಣಿನ ಕೆಳಗೆ ಜಾಲರಿಯಿದ್ದರೆ ಆಮೆ ತೋಡುವಾಗ ಅದರ ಉಗುರು ಕಿತ್ತುಬರುತ್ತದೆ.

ಚಿಲಕದ ವಿಷಯದಲ್ಲಿ ನಾನು ಕಲಿತ ಪಾಠ ಇಂದಿಗೂ ನೋವು ಕೊಡುತ್ತದೆ. ಹಲವು ವರ್ಷಗಳ ಹಿಂದೆ ಟೆನೆಸಿಯಲ್ಲಿದ್ದಾಗ ನಾನು ಕಟ್ಟಿದ ಮೊದಲ ಆವರಣಕ್ಕೆ ಭಾರವಾದ ಮುಚ್ಚಳವನ್ನೇ ಮಾಡಿದ್ದೆ, ಆದರೆ ಅದಕ್ಕೆ ಹಾಕಿದ್ದು ಕಿಟಕಿಗೆ ಹಾಕುವಂತಹ ಒಂದು ಸಾದಾ ಕೊಕ್ಕೆ. ಒಂದು ಬೆಳಿಗ್ಗೆ ಕೊಕ್ಕೆ ಕಳಚಿತ್ತು, ಮುಚ್ಚಳ ಓರೆಯಾಗಿತ್ತು, ನನ್ನ ಆಮೆಯ ಮುಂಗಾಲೊಂದನ್ನು ರಕೂನ್ ಕಚ್ಚಿ ತಿಂದಿತ್ತು. ಬಾಕ್ಸ್ ಆಮೆಯ ಕೆಳಚಿಪ್ಪಿನಲ್ಲಿ ಬಿಜಾಗರಿಯಂತಹ ಮಡಿಕೆಯಿದ್ದು, ತಲೆ ಕಾಲುಗಳನ್ನು ಒಳಗೆಳೆದುಕೊಂಡು ಡಬ್ಬಿಯಂತೆ ಪೂರ್ತಿ ಮುಚ್ಚಿಕೊಳ್ಳಬಲ್ಲದು, ಅದಕ್ಕೆ ಆ ಹೆಸರು ಬಂದದ್ದೇ ಅದರಿಂದ. ಆದರೂ ಅಂದು ಆ ಚಿಪ್ಪು ಅದನ್ನು ಕಾಪಾಡಲಿಲ್ಲ. ಬದುಕುಳಿಯಿತು, ಮೂರು ಕಾಲಿನಲ್ಲಿ ಇನ್ನೂ ಬಹಳ ವರ್ಷ ನಡೆಯಿತು. ರಕೂನ್‌ಗೆ ಬೆರಳುಗಳಿರುವ ಕೈಗಳಿವೆ ಎಂಬುದನ್ನು ನಾನು ಮರೆಯಬಾರದಿತ್ತು.

ಹಾಗಾಗಿ ನಿಮ್ಮ ಆವರಣಕ್ಕೆ ಮುಚ್ಚಳ ಬೇಕೇ ಬೇಕು. ಮರದ ಚೌಕಟ್ಟಿಗೆ ಅದೇ ಅರ್ಧ ಅಂಗುಲದ ಜಾಲರಿಯನ್ನು ಬಿಗಿದು, ಎತ್ತುವುದಕ್ಕೆ ಹಗುರವಾಗಲೆಂದು ಎರಡು ಮೂರು ಭಾಗಗಳಾಗಿ ಮಾಡಿ, ಒಂದು ಬದಿಗೆ ಬಿಜಾಗರಿ ಹಾಕಿ. ಜಾಲರಿಯನ್ನು ಸ್ಟೇಪಲ್ ಪಿನ್ನುಗಳಿಂದಷ್ಟೇ ಹೊಡೆದರೆ ರಕೂನ್ ಎಳೆದು ಕಿತ್ತುಹಾಕುತ್ತದೆ; ಅದರ ಮೇಲೆ ಮರದ ಪಟ್ಟಿಯಿಟ್ಟು ಸ್ಕ್ರೂ ಹಾಕಿ. ಒಂದೊಂದು ಭಾಗಕ್ಕೂ ಎರಡೆರಡು ಅಗಳಿಗಳಿರಲಿ, ಪ್ರತಿಯೊಂದಕ್ಕೂ ಬೀಗವನ್ನಾಗಲಿ, ಒತ್ತಿ ತಿರುಗಿಸಿದರೆ ಮಾತ್ರ ಬಿಚ್ಚುವ ಸ್ಪ್ರಿಂಗ್ ಕೊಂಡಿಯನ್ನಾಗಲಿ ಸಿಕ್ಕಿಸಿ. ಬೀಗ ಮನುಷ್ಯರಿಗೂ ಬೇಕು, ಆಮೆ ಕದಿಯುವವರೂ ಇದ್ದಾರೆ. ಮಳೆ ತಡೆಯಲೆಂದು ಮುಚ್ಚಳಕ್ಕೆ ಗಾಜನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹಾಕಬೇಡಿ. ಒಳಗೆ ಕಾವು ಏರಿ ಆಮೆ ಸಾಯಬಹುದು; ಅಷ್ಟೇ ಅಲ್ಲ, ಚಿಪ್ಪು ಮೂಳೆಗಳಿಗೆ ಬೇಕಾದ ಡಿ ಜೀವಸತ್ವವನ್ನು ಉಂಟುಮಾಡುವ ಅತಿನೇರಳೆ ಕಿರಣಗಳನ್ನು ಅವು ತಡೆದುಬಿಡುತ್ತವೆ. ಮನೆಯೊಳಗಿನ ತೊಟ್ಟಿಯಿಂದ ಆಮೆಯನ್ನು ಹೊರಗೆ ತರುವುದರ ದೊಡ್ಡ ಲಾಭವೇ ಆ ಬಿಸಿಲು.

ಒಳನೆಲಕ್ಕೆ ತೋಟದ ಮಣ್ಣು, ಕೊಳೆತ ಎಲೆಗೊಬ್ಬರ, ಸ್ವಲ್ಪ ಮರಳು ಬೆರೆಸಿ ಒಂದು ಅಡಿಯಷ್ಟು ಸಡಿಲ ಮಣ್ಣನ್ನು ತುಂಬಿ, ಮೇಲೆ ಮೂರು ನಾಲ್ಕು ಅಂಗುಲ ತರಗೆಲೆ ಹರಡಿ. ನಡುವೆ ಒಂದು ಕೊಳೆಯುತ್ತಿರುವ ದಿಮ್ಮಿ ಇಟ್ಟರೆ ಅದರಡಿ ಹುಳುಹುಪ್ಪಟೆಗಳು ಸೇರಿಕೊಂಡು ಆಮೆಗೆ ಬೇಟೆಯ ಕೆಲಸ ಸಿಗುತ್ತದೆ. ಮಳೆ ನಿಂತೊಡನೆ ಅದು ಎರೆಹುಳುಗಳನ್ನು ಹುಡುಕಲು ಹೊರಡುವುದನ್ನು ನೋಡುವ ಸುಖವನ್ನು ನಿಮ್ಮ ಮಗಳು ತಪ್ಪಿಸಿಕೊಳ್ಳಬಾರದು. ನೀರಿಗೆ ಹೂಕುಂಡದ ಕೆಳಗಿಡುವ ಮಣ್ಣಿನ ಅಗಲ ತಟ್ಟೆಯನ್ನು ನೆಲಮಟ್ಟಕ್ಕೆ ಹುಗಿಯಿರಿ. ನೀರು ಆಮೆಯ ಗದ್ದ ಮುಟ್ಟಿದರೆ ಸಾಕು, ಇದು ಈಜುವ ಜಾತಿಯಲ್ಲ. ಅದರಲ್ಲೇ ಕುಳಿತು ಮಲವಿಸರ್ಜನೆ ಮಾಡುವುದರಿಂದ ದಿನವೂ ತೊಳೆದು ಬದಲಿಸಬೇಕು. ಜರೀಗಿಡ, ಸ್ಟ್ರಾಬೆರಿ, ಹುಲ್ಲಿನ ಗುತ್ತಿಗಳನ್ನು ನೆಡಿ. ನಿಮ್ಮ ಕಡೆಯ ಕಾಡಿನಲ್ಲಿ ಬೆಳೆಯುವ ಮೇಆ್ಯಪಲ್ ಗಿಡದ ಮಾಗಿದ ಹಣ್ಣೆಂದರೆ ಬಾಕ್ಸ್ ಆಮೆಗೆ ಪ್ರೀತಿ, ಅದರ ಬೀಜ ಹರಡುವುದರಲ್ಲಿ ಆಮೆಯ ಪಾಲು ದೊಡ್ಡದು. ಕಣಗಿಲೆ, ಲಂಟಾನ, ಅಜೇಲಿಯಾ ಗಿಡಗಳು ಹತ್ತಿರ ಬೇಡ. ಹುಲ್ಲುಹಾಸಿಗೆ ಹಾಕುವ ಕಳೆನಾಶಕ, ಕೀಟನಾಶಕಗಳು ಆವರಣದ ಸುತ್ತಮುತ್ತ ಎಲ್ಲೂ ಬೀಳಬಾರದು. ತಿಂದುಳಿದ ಆಹಾರವನ್ನು ಸಂಜೆಯೊಳಗೆ ತೆಗೆದುಬಿಡಿ. ರಾತ್ರಿಯ ರಕೂನ್‌ಗೆ ಅದೇ ಕರೆಯೋಲೆ.

ಹೊರಗೆ ಬಿಡುವ ಮುನ್ನ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ಒಮ್ಮೆ ತೋರಿಸಿ. ರಾತ್ರಿಯ ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯದ ದಿನಗಳು ಬಂದ ಮೇಲೆ ಹೊರಗಿಡಿ. ಅದಕ್ಕೂ ಮೊದಲು ಮೇಲ್ಚಿಪ್ಪು, ಕೆಳಚಿಪ್ಪು ಎರಡರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಒಂದು ಆಮೆಯ ಹಳದಿ ಗೆರೆಗಳು ಇನ್ನೊಂದರಂತಿರುವುದಿಲ್ಲ, ಕಳೆದುಹೋದರೆ ಗುರುತಿಗೆ ಅದೇ ಆಧಾರ. ಮೊದಲ ಕೆಲವು ವಾರ ಅದು ಗೋಡೆಯ ಸುತ್ತ ನಡೆಯುತ್ತಲೇ ಇರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಅದು ಎಲ್ಲಿದೆಯೆಂದು ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳಿ, ಜೊತೆಗೆ ಅದು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆಂದು ಗಮನಿಸಿ. ನಿಮ್ಮ ಬೇಲಿಯ ದುರ್ಬಲ ಜಾಗವನ್ನು ಅದು ನಿಮಗಿಂತ ಮೊದಲು ಕಂಡುಹಿಡಿದಿರುತ್ತದೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವುದನ್ನು ಅಮೆರಿಕ ಸರ್ಕಾರ 1975ರಲ್ಲಿ ನಿಷೇಧಿಸಿದ್ದು ಮಕ್ಕಳಿಗೆ ಈ ಸೋಂಕು ತಗಲುತ್ತಿದ್ದುದರಿಂದಲೇ. ಮುಟ್ಟಿದಾಗಲೆಲ್ಲ ಮಗಳು ಸೋಪಿನಿಂದ ಕೈ ತೊಳೆಯಲಿ, ನೀರಿನ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಪ್ರಶ್ನೆ: ತರಕಾರಿ ತೋಟಕ್ಕೆಂದು ತಂದ ಕೋಳಿಬಲೆ ಬಹಳಷ್ಟು ಉಳಿದಿದೆ. ಆಮೆಯ ಆವರಣದ ಮುಚ್ಚಳಕ್ಕೆ ಅದನ್ನೇ ಬಳಸಬಹುದೇ? (ಅಟ್ಲಾಂಟಾ)

ಉತ್ತರ: ಬೇಡ. ಆರು ಮೂಲೆಯ ಕಣ್ಣುಗಳಿರುವ ಆ ಬಲೆ ತೆಳುವಾದ ತಂತಿಯನ್ನು ಹೊಸೆದು ಮಾಡಿದ್ದು; ಕೋಳಿ ಹೊರಹೋಗದಂತೆ ಅದು ತಡೆಯುತ್ತದೆ, ರಕೂನ್ ಒಳಬರದಂತೆ ತಡೆಯಲಾರದು. ಉಳಿದ ಬಲೆಯನ್ನು ಸಿಲಿಂಡರಿನಂತೆ ಸುತ್ತಿ ನಿಲ್ಲಿಸಿ, ಶರತ್ಕಾಲದಲ್ಲಿ ಬೀಳುವ ಎಲೆಗಳನ್ನು ಅದರೊಳಗೆ ತುಂಬಿಡಿ. ಮುಂದಿನ ವರ್ಷ ಆವರಣಕ್ಕೆ ಬೇಕಾದ ಎಲೆಗೊಬ್ಬರ ಅಲ್ಲೇ ಸಿದ್ಧವಾಗುತ್ತದೆ. ಪ್ಲಾಸ್ಟಿಕ್ ದಾರದ ತೋಟದ ಬಲೆಯನ್ನೂ ಆವರಣದ ಹತ್ತಿರ ತರಬೇಡಿ, ಅದರಲ್ಲಿ ಆಮೆಯ ಕತ್ತು ಕಾಲು ಸಿಕ್ಕಿಕೊಳ್ಳುತ್ತವೆ.

ಪ್ರಶ್ನೆ: ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ನಮ್ಮ ಬಾಕ್ಸ್ ಆಮೆ ಬೇಸಿಗೆಯೆಲ್ಲ ಹೊರಗಿನ ಆವರಣದಲ್ಲಿರುತ್ತದೆ. ಇಲ್ಲಿನ ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಅದನ್ನು ಹೊರಗೇ ಬಿಡಬಹುದೇ?

ಉತ್ತರ: ಆರೋಗ್ಯವಾಗಿದ್ದು, ಬೇಸಿಗೆಯಲ್ಲಿ ಚೆನ್ನಾಗಿ ತಿಂದು ತೂಕ ಕೂಡಿಸಿಕೊಂಡಿರುವ ವಯಸ್ಕ ಆಮೆಯನ್ನು ಬಿಡಬಹುದು, ಆದರೆ ಆವರಣ ಅದಕ್ಕೆ ತಕ್ಕಂತಿರಬೇಕು. ಕಣ್ಣೂದಿಕೊಂಡ, ಮೂಗು ಸೋರುವ ಅಥವಾ ಅದೇ ವರ್ಷ ನಿಮ್ಮ ಕೈಸೇರಿದ ಆಮೆಯನ್ನು ಈ ಪರೀಕ್ಷೆಗೆ ಒಡ್ಡಬೇಡಿ.

ಬಾಕ್ಸ್ ಆಮೆ ಚಳಿ ತಡೆಯುವ ಬಗೆ ಆಶ್ಚರ್ಯಕರವಾದದ್ದು. ತನ್ನ ದೇಹದ ನೀರಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಮಂಜುಗಡ್ಡೆಯಾದರೂ ಕೆಲವು ದಿನ ತಾಳಿಕೊಂಡು ಮತ್ತೆ ಚೇತರಿಸಿಕೊಳ್ಳಬಲ್ಲದೆಂದು ಪ್ರಯೋಗಾಲಯಗಳಲ್ಲಿ ಕಂಡುಕೊಂಡಿದ್ದಾರೆ. ಕಾಡಿನಲ್ಲಿ ಅದು ಬಹಳ ಆಳಕ್ಕೂ ಇಳಿಯುವುದಿಲ್ಲ; ತರಗೆಲೆಗಳ ದಪ್ಪ ಹೊದಿಕೆಯೂ ಅದರ ಮೇಲಿನ ಹಿಮವೂ ಸೇರಿ ನೆಲದ ಕಾವನ್ನು ಹಿಡಿದಿಡುತ್ತವೆ. ಆದರೆ ಕಾಡಿನ ಆಮೆಗೆ ಜಾಗ ಸರಿಯಿಲ್ಲವೆನಿಸಿದರೆ ಬೇರೆಡೆ ಹೋಗುವ ಸ್ವಾತಂತ್ರ್ಯವಿದೆ, ನಿಮ್ಮದಕ್ಕಿಲ್ಲ. ಅದಕ್ಕಾಗಿ ನಾವು ಹೆಚ್ಚಿನ ಆಳವನ್ನು ಒದಗಿಸಬೇಕು. ನಿಮ್ಮ ಊರಿನಲ್ಲಿ ನೆಲ ಎಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೆಂದು ಅಡಿಪಾಯಗಳ ಲೆಕ್ಕಕ್ಕಾಗಿ ಸ್ಥಳೀಯ ಕಟ್ಟಡ ಇಲಾಖೆ ಗೊತ್ತುಮಾಡಿರುತ್ತದೆ; ಆವರಣದ ನೀರು ನಿಲ್ಲದ ಮೂಲೆಯಲ್ಲಿ ಅಷ್ಟು ಆಳದ, ಮೂರಡಿ ಅಗಲದ ಗುಂಡಿ ತೋಡಿ, ಎಲೆಗೊಬ್ಬರ ಬೆರೆಸಿದ ಸಡಿಲ ಮಣ್ಣು ತುಂಬಿ, ಅದರ ಮೇಲೆ ಒಂದೆರಡು ಅಡಿ ಎತ್ತರಕ್ಕೆ ತರಗೆಲೆ ಒಟ್ಟಿ. ಅಕ್ಟೋಬರ್ ಹೊತ್ತಿಗೆ ಆಮೆ ತಾನಾಗಿ ಊಟ ಬಿಟ್ಟು ಅದರೊಳಗೆ ಇಳಿಯುತ್ತದೆ. ಕ್ಷೇಮವಾಗಿದೆಯೇ ಎಂದು ಮಧ್ಯದಲ್ಲಿ ಅಗೆದು ನೋಡಬೇಡಿ. ಬೀಗಗಳನ್ನು ಮಾತ್ರ ಚಳಿಗಾಲದಲ್ಲೂ ವಾರಕ್ಕೊಮ್ಮೆ ನೋಡಿ, ಸಡಿಲ ಮಣ್ಣನ್ನು ಕೆದಕಲು ಹೆಗ್ಗಣ, ರಕೂನ್‌ಗಳು ಬರುತ್ತವೆ. ಫೆಬ್ರವರಿಯ ಬೆಚ್ಚನೆಯ ದಿನವೊಂದರಲ್ಲಿ ಅದು ಹೊರಬಂದು ರಾತ್ರಿ ಚಳಿಗೆ ಸಿಕ್ಕಿಬೀಳುವ ಸಂಭವವಿದೆ, ಅಂಥ ದಿನಗಳ ಸಂಜೆ ತಪ್ಪದೆ ಒಮ್ಮೆ ಹೋಗಿ ನೋಡಿ.

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಒಂದೇ ಆವರಣದಲ್ಲಿ ಗಂಡು ಹೆಣ್ಣು ಎರಡು ಆಮೆಗಳನ್ನು ಇಟ್ಟಿದ್ದೇವೆ. ಗಂಡು ಸದಾ ಹೆಣ್ಣಿನ ಬೆನ್ನುಹತ್ತಿ ಕಚ್ಚುತ್ತದೆ, ಹೆಣ್ಣು ಊಟ ಬಿಟ್ಟಿದೆ. ಇದರ ಜೊತೆಗೆ ಕೆಂಪಿರುವೆಗಳ ಗೂಡುಗಳೂ ಎದ್ದಿವೆ.

ಉತ್ತರ: ಇಂದೇ ಬೇರೆಮಾಡಿ. ಬಾಕ್ಸ್ ಆಮೆ ಒಂಟಿಯಾಗಿ ಬದುಕುವ ಪ್ರಾಣಿ, ಜೊತೆಯಿಲ್ಲವೆಂಬ ಕೊರಗು ಅದಕ್ಕಿಲ್ಲ. ಕಾಡಿನಲ್ಲಿ ಹೆಣ್ಣು ದೂರ ಸರಿದು ಪಾರಾಗುತ್ತದೆ, ನಿಮ್ಮ ಆವರಣದಲ್ಲಿ ಅದಕ್ಕೆ ಎಲ್ಲಿಗೂ ಹೋಗಲಾಗದು. ಹೊರಗೋಡೆಯಷ್ಟೇ ಗಟ್ಟಿಯಾದ, ಆಚೆಗಿನದು ಕಾಣಿಸದಂತಹ ಅಡ್ಡಗೋಡೆ ಹಾಕಿ, ಅದರ ಬುಡವನ್ನೂ ಹೂಳಿ. ಬೇರೆಮಾಡಿದ ಮೇಲೂ ಹೆಣ್ಣು ಮೊಟ್ಟೆಯಿಟ್ಟರೆ ಬೆರಗಾಗಬೇಡಿ. ಒಮ್ಮೆಯ ಕೂಡುವಿಕೆಯಿಂದ ಪಡೆದ ವೀರ್ಯವನ್ನು ನಾಲ್ಕು ವರ್ಷದವರೆಗೂ ಕಾಪಿಟ್ಟುಕೊಳ್ಳುವ ಶಕ್ತಿ ಅದಕ್ಕಿದೆ. ಮೊಟ್ಟೆಯಿಡಲು ಬಿಸಿಲು ಬೀಳುವ, ಸಡಿಲ ಮಣ್ಣಿನ ಒಂದು ತುಂಡು ಜಾಗ ಹೆಣ್ಣಿನ ಭಾಗದಲ್ಲಿರಬೇಕು.

ಇರುವೆಗಳನ್ನು ಹಗುರವಾಗಿ ಕಾಣಬೇಡಿ. ದಕ್ಷಿಣ ಅಮೆರಿಕದಿಂದ ಬಂದು ನಿಮ್ಮ ಕಡೆ ಹರಡಿರುವ ಆ ಇರುವೆಗಳು ಆಗತಾನೆ ಮೊಟ್ಟೆಯೊಡೆದ ಮರಿಗಳನ್ನು ಕೊಲ್ಲುತ್ತವೆ, ದೊಡ್ಡ ಆಮೆಯ ಕಣ್ಣಿನ ಸುತ್ತ ಕಚ್ಚುತ್ತವೆ. ಆವರಣದೊಳಗೆ ವಿಷದ ಪುಡಿ ಹಾಕಬೇಡಿ, ಏಕೆಂದರೆ ಆಮೆ ಹುಳುಗಳನ್ನು ತಿನ್ನುತ್ತದೆ. ಆಮೆಗಳನ್ನು ಎತ್ತಿ ಮನೆಯೊಳಗಿಟ್ಟು, ಗೂಡಿಗೆ ಎರಡು ಮೂರು ಕೊಡ ಕುದಿಯುವ ನೀರನ್ನು ಸುರಿಯಿರಿ, ಕೆಲವು ದಿನ ಬಿಟ್ಟು ಮತ್ತೆ ಸುರಿಯಿರಿ. ಮಣ್ಣು ಪೂರ್ತಿ ತಣ್ಣಗಾದ ಮೇಲೆ, ಇರುವೆಗಳು ಕಾಣದಾದ ಮೇಲೆ, ಆಮೆಗಳನ್ನು ಮರಳಿ ಬಿಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಮೊನ್ನೆ ಮಳೆ ಬಂದಾಗ ರಸ್ತೆ ದಾಟುತ್ತಿದ್ದ ಬಾಕ್ಸ್ ಆಮೆಯೊಂದನ್ನು ಮಕ್ಕಳು ಮನೆಗೆ ತಂದಿದ್ದಾರೆ. ಅದಕ್ಕೊಂದು ಒಳ್ಳೆಯ ಆವರಣ ಕಟ್ಟಿಕೊಡುವ ಆಸೆ ಅವರಿಗೆ.

ಉತ್ತರ: ಮಕ್ಕಳ ಕರುಣೆ ದೊಡ್ಡದು, ಆದರೆ ಈ ಆಮೆಗೆ ಆವರಣ ಬೇಕಿಲ್ಲ. ಅದಕ್ಕೆ ಮನೆಯಿದೆ, ಅದು ಅಲ್ಲಿಗೇ ಹೊರಟಿತ್ತು. ಇಂದೇ ಮಕ್ಕಳನ್ನು ಕರೆದುಕೊಂಡು ಹೋಗಿ, ಎಲ್ಲಿ ಎತ್ತಿದಿರೋ ಅಲ್ಲೇ, ಅದು ಯಾವ ಕಡೆಗೆ ಮುಖಮಾಡಿ ನಡೆಯುತ್ತಿತ್ತೋ ರಸ್ತೆಯ ಆ ಬದಿಯಲ್ಲಿ, ಪೊದೆಯ ಅಂಚಿನಲ್ಲಿ ಬಿಡಿಸಿ. ಇನ್ನೂ ಸುರಕ್ಷಿತವೆಂದು ಬೇರೊಂದು ಉದ್ಯಾನಕ್ಕೆ ಒಯ್ದು ಬಿಡಬೇಡಿ. ಆಗ ಅದು ತನ್ನ ನೆಲೆಯನ್ನು ಹುಡುಕುತ್ತ ಇನ್ನಷ್ಟು ರಸ್ತೆಗಳನ್ನು ದಾಟಬೇಕಾಗುತ್ತದೆ. ಹೆಣ್ಣು ವರ್ಷಕ್ಕೆ ಇಡುವುದು ಕೆಲವೇ ಮೊಟ್ಟೆ, ಅವುಗಳಲ್ಲಿ ದೊಡ್ಡದಾಗುವುದು ವಿರಳ. ಕಾಡಿನಿಂದ ಒಂದು ವಯಸ್ಕ ಆಮೆಯನ್ನು ತೆಗೆದರೆ ಆ ಸ್ಥಾನ ತುಂಬಲು ದಶಕಗಳು ಬೇಕು. ಚಿಪ್ಪು ಒಡೆದಿದ್ದರೆ ಮಾತ್ರ ಪರವಾನಗಿಯಿರುವ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಒಯ್ಯಿರಿ, ಎತ್ತಿಕೊಂಡ ಜಾಗವನ್ನು ಬರೆದುಕೊಡಿ.

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಹೊಲದ ಬದುವಿನಲ್ಲಿ ನಕ್ಷತ್ರ ಆಮೆಯೊಂದು ಸಿಕ್ಕಿದೆ. ವಿದೇಶದಲ್ಲಿ ಮಾಡುವಂತೆ ಇದಕ್ಕೂ ಹಿತ್ತಲಿನಲ್ಲಿ ಆವರಣ ಕಟ್ಟಿ ಸಾಕಬಹುದೇ?

ಉತ್ತರ: ಸಾಕುವಂತಿಲ್ಲ. ನಕ್ಷತ್ರ ಆಮೆ ನಮ್ಮ ಕಾಡುಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ಅದನ್ನು ಮೊದಲನೆಯ ಅನುಸೂಚಿಗೆ ಸೇರಿಸಿದ್ದಾರೆ. ಮನೆಯಲ್ಲಿಟ್ಟುಕೊಂಡರೆ ಮೂರರಿಂದ ಏಳು ವರ್ಷ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ ಆಗಬಹುದು. ಅದೃಷ್ಟ ತರುತ್ತದೆಂಬ ನಂಬಿಕೆಯೂ ವಿದೇಶಿ ಕಳ್ಳಪೇಟೆಯ ಬೇಡಿಕೆಯೂ ಸೇರಿ ನಿಮ್ಮ ಸೀಮೆಯ ಕುರುಚಲು ಬಯಲುಗಳಿಂದ ಈ ಆಮೆಗಳನ್ನು ಚೀಲಗಟ್ಟಲೆ ಸಾಗಿಸಲಾಗುತ್ತಿದೆ. 2018ರಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ಕರ್ನಾಟಕಕ್ಕೆ ಮರಳಿ ಕರೆತರಬೇಕಾಯಿತು. 2019ರಲ್ಲಿ ಸೈಟಿಸ್ ಒಪ್ಪಂದ ಇದರ ಅಂತರರಾಷ್ಟ್ರೀಯ ವಾಣಿಜ್ಯವನ್ನು ಪೂರ್ತಿಯಾಗಿ ನಿಷೇಧಿಸಿತು.

ಗಾಯವಾಗಿಲ್ಲದಿದ್ದರೆ ಸಿಕ್ಕ ಬದುವಿನಲ್ಲೇ ಇಂದು ಸಂಜೆಯೊಳಗೆ ಬಿಟ್ಟುಬಿಡಿ. ಗಾಯವಾಗಿದ್ದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ ಅವರಿಗೆ ಒಪ್ಪಿಸಿ. ಆವರಣ ಕಟ್ಟುವ ಮನಸ್ಸಿರುವ ನೀವು ಅದಕ್ಕಾಗಿ ಮಾಡಬಹುದಾದದ್ದು ಬೇರೆಯೇ ಇದೆ: ಬದುವಿನ ಲಂಟಾನ, ಕಾರೆ, ಕವಳಿ ಪೊದೆಗಳನ್ನು ಪೂರ್ತಿಯಾಗಿ ಕಡಿಯದೆ ಒಂದು ಪಟ್ಟಿ ಬಿಡಿ, ಒಣಹುಲ್ಲಿಗೆ ಬೆಂಕಿ ಹಚ್ಚುವ ಮುನ್ನ ಕೋಲಿನಿಂದ ಕೆದಕಿ ನೋಡಿ, ಹೊಲದಲ್ಲಿ ಕಟ್ಟೆಯಿಲ್ಲದ ತೆರೆದ ಬಾವಿಯಿದ್ದರೆ ಅದರ ಸುತ್ತ ಒಂದಡಿ ಎತ್ತರದ ಕಲ್ಲಿನ ಸಾಲನ್ನಾದರೂ ಕಟ್ಟಿಸಿ.